ಐದೂವರೆ ಮಾತ್ರೆಯ ಕ್ಯಾಸೆಟ್ಟು

ನನಗೊಂದು ಸಣ್ಣ ಚಿಂತೆಯಿದೆ. ಈವರೆಗೆ ಯಾರ ಮುಂದೆಯೂ ಹೇಳಿಕೊಂಡಿಲ್ಲ. ಜನ ನನ್ನನ್ನು ಇಷ್ಟಪಡುವುದು ನನ್ನೊಳಗಿನ ಹಾಡಿಗಾಗಿ ಅಲ್ಲ, ನನ್ನೊಳಗಿನ ಒಂದು ತಪ್ಪಿಗಾಗಿ ಎಂಬ ಅನುಮಾನ ಅದು. ಯಾರಾದರೂ ನನ್ನನ್ನು ಕೇಳಿ "ವಾಹ್" ಅಂದರೆ ಉಳಿದವರಿಗೆ ಹಿಗ್ಗಾಗಬಹುದು, ನನಗೆ ಒಳಗೊಳಗೇ ಕಸಿವಿಸಿ. ಇವರು ವಾಹ್ ಅಂದದ್ದು ಯಾವುದಕ್ಕೆ?

ನಾನು ಅರವತ್ತು ನಿಮಿಷದ ಒಂದು ಕ್ಯಾಸೆಟ್ಟು. ಬೂದು ಬಣ್ಣದ ಪ್ಲಾಸ್ಟಿಕ್ ಮೈ, ಐದು ಸಣ್ಣ ಸ್ಕ್ರೂ, ಹಲ್ಲಿರುವ ಎರಡು ಚಕ್ರ, ಅವುಗಳ ನಡುವೆ ಕಂದು ಬಣ್ಣದ ತೆಳ್ಳನೆ ಟೇಪು. ಯಾವುದೋ ದೂರದ ಕಾರ್ಖಾನೆಯಲ್ಲಿ ನನ್ನಂಥವೇ ಸಾವಿರಾರು ಕ್ಯಾಸೆಟ್ಟುಗಳ ಸಾಲಿನಲ್ಲಿ ಹುಟ್ಟಿದೆ. ಹುಟ್ಟಿದಾಗ ನನ್ನೊಳಗೆ ಏನೂ ಇರಲಿಲ್ಲ. ಖಾಲಿ. ಈಗ ನೆನೆಸಿಕೊಂಡರೆ ಎಷ್ಟು ಹಿತವಾದ ಕಾಲ ಅದು ಅನ್ನಿಸುತ್ತದೆ. ಹೇಳಲು ಏನೂ ಇಲ್ಲದವರಿಗೆ ಸುಳ್ಳು ಹೇಳುತ್ತಿದ್ದೇನೆಯೇ ಎಂಬ ಭಯವೂ ಇರುವುದಿಲ್ಲ.

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಹುಬ್ಬಳ್ಳಿಯ ಒಂದು ರೆಕಾರ್ಡಿಂಗ್ ಅಂಗಡಿಗೆ ಬಂದೆ. ಆಗೆಲ್ಲ ಹೀಗಿತ್ತು: ಗಿರಾಕಿ ಒಂದು ಚೀಟಿಯಲ್ಲಿ ಬೇಕಾದ ಹಾಡುಗಳನ್ನು ಬರೆದುಕೊಡುತ್ತಿದ್ದ, ಅಂಗಡಿಯವನು ತನ್ನ ಬಳಿಯ ಗ್ರಾಮಫೋನ್ ತಟ್ಟೆಗಳಿಂದ ಅವನ್ನು ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಡುತ್ತಿದ್ದ. ಅಂಗಡಿ ಮಾಲೀಕನ ತಂಗಿಯ ಮಗ ಇಮ್ತಿಯಾಜ ಮುಲ್ಲಾ ಆ ಕೆಲಸ ನೋಡಿಕೊಳ್ಳುತ್ತಿದ್ದ. ಇಪ್ಪತ್ತೆರಡು ವರ್ಷ, ಸಂಜೆ ತಬಲಾ ಕಲಿಯುತ್ತಿದ್ದ. ಸುಮ್ಮನೆ ಕೂತಿದ್ದರೂ ಬೆರಳು ಮೇಜಿನ ಮೇಲೆ ಓಡಾಡುತ್ತಿದ್ದವು.

ಅವತ್ತು ಅವನು ಕೈಗೆತ್ತಿಕೊಂಡ ತಟ್ಟೆ ಇಂಗ್ಲೆಂಡಿನ 'ಮಾರ್ಬಲ್ ಹಾರ್ಬರ್' ಎಂಬ ಬ್ಯಾಂಡಿನದು. ಊರು ಬಿಡುವಾಗ ರೈಲ್ವೆಯ ಗಾರ್ಡ್ ಒಬ್ಬರು ಅಂಗಡಿಗೆ ಕೊಟ್ಟುಹೋದ ಹಳೆಯ ತಟ್ಟೆ. ಹೊದಿಕೆಯ ಮೇಲೆ ಬಿಳಿಕಲ್ಲಿನ ಬಂದರು, ಸಮುದ್ರದೊಳಗಿಂದ ಮೇಲೆದ್ದ ಒಂದು ಏಣಿ. ಏಣಿ ಯಾವುದಕ್ಕೂ ಆತುಕೊಂಡಿರಲಿಲ್ಲ. ಒಂದು ಬದಿಯ ತುಂಬ ಒಂದೇ ಹಾಡು, ಇಪ್ಪತ್ತೊಂದು ನಿಮಿಷದ್ದು. ಅದರ ಇಂಗ್ಲಿಷ್ ಹೆಸರು ಉದ್ದ. ಮುಂದೆ ನನ್ನ ಮನೆಯವರೆಲ್ಲ ಅದನ್ನು 'ದೊಡ್ಡ ಹಾಡು' ಅಂತಲೇ ಕರೆದರು.

ಇಮ್ತಿಯಾಜ ಎರಡು ಗುಂಡಿ ಒಟ್ಟಿಗೆ ಒತ್ತಿದ. ನನ್ನ ಮೈಮೇಲೆ ಮೊದಲ ಬಾರಿ ದನಿ ಇಳಿಯಿತು. ಮೊದಲು ನೀರಿನ ಸದ್ದು, ಅದರಡಿಯಿಂದ ಆರ್ಗನ್, ಆಮೇಲೆ ಗಿಟಾರು. ಅವಸರವೇ ಇಲ್ಲ. ಆರನೇ ನಿಮಿಷಕ್ಕೆ ಡ್ರಮ್ಮು ಬಂತು, ಏಳೇಳು ಮಾತ್ರೆಯ ತಾಳದ ಲೆಕ್ಕದಲ್ಲಿ. ಹನ್ನೆರಡನೇ ನಿಮಿಷದಲ್ಲಿ ತಟ್ಟೆಯ ಮೇಲಿದ್ದ ಒಂದು ಗೀರಿಗೆ ಸೂಜಿ ತಾಗಿ 'ಟಕ್' ಎಂದು ಹಾರಿ ಪಕ್ಕದ ಗೆರೆಗೆ ಬಿತ್ತು. ಎರಡು ಸೆಕೆಂಡಿಗೂ ಕಡಿಮೆ. ಅಷ್ಟು ಸಂಗೀತ ನನಗೆ ಸಿಗಲೇ ಇಲ್ಲ.

ಇಮ್ತಿಯಾಜ ಚಹಾದ ಲೋಟ ಕೆಳಗಿಟ್ಟು ತಟ್ಟೆ ನೋಡಿದ. ನನ್ನನ್ನು ನೋಡಿದ. ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟ. ಮತ್ತೆ ಮೊದಲಿಂದ ಇಳಿಸಬೇಕು, ಹೊರಗೆ ಮಾವ ಇನ್ನೊಂದು ಕೆಲಸಕ್ಕೆ ಕೂಗುತ್ತಿದ್ದಾನೆ. ಬೆರಳು ತೆಗೆದ. ಅವನು ನೋಡಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಅವನ ಎದುರಿಗೇ ಇದ್ದೆ.

ನನ್ನನ್ನು ಒಯ್ದವನು ಧಾರವಾಡದ ರಾಜಶೇಖರ ಹಂಚಿನಾಳ, ಗಣಿತ ಓದುತ್ತಿದ್ದ ಕಾಲೇಜು ಹುಡುಗ. ಮರುದಿನವೇ ನನ್ನನ್ನು ಕಿಸೆಯಲ್ಲಿಟ್ಟುಕೊಂಡು ಅಂಗಡಿಗೆ ವಾಪಸು ಬಂದ. ಸಿಕ್ಕಿಬಿದ್ದೆವು ಅಂದುಕೊಂಡೆ ನಾನು. ಇಮ್ತಿಯಾಜನ ಮುಖವೂ ಸಣ್ಣದಾಯಿತು.

"ಈ ಡ್ರಮ್ ಬಾರಸಾಂವ ಮನಷ್ಯಾ ಅಲ್ರೀ!" ಅಂದ ರಾಜಶೇಖರ, ಉಸಿರು ಬಿಡದೆ. "ಏಳು, ಏಳು, ಏಳು, ನಮ್ಮ ರೂಪಕ ತಾಳ ಹೊಂಟಂಗ ಹೊಂಟಿರತೈತಿ. ಹನ್ನೆರಡನೇ ನಿಮಿಷಕ್ಕ ಒಮ್ಮಿಂದೊಮ್ಮೆಲೆ ಐದೂವರಿ! ಒಂದೂವರಿ ಮಾತ್ರಿ ನುಂಗಿಬಿಟ್ಟಾನ. ಅದೂ ಹೆಂಗ? ಕಟ್ಟಿಗಿ ಮ್ಯಾಲೆ ಟಕ್ ಅಂತ ಒಂದ ಪೆಟ್ಟು ಹೊಡದು! ನೀವು ಕೇಳೀರೇನು?"

ಇಮ್ತಿಯಾಜ ಅವನ ಮುಖವನ್ನೇ ನೋಡಿದ.

"ಹೂಂರಿ," ಅಂದ. "ಭಾಳ ಕಠಿಣ ಐತ್ರಿ ಅದು."

ಹಾಗೆ ಶುರುವಾಯಿತು ಅವರ ದೋಸ್ತಿ.

ರಾಜಶೇಖರನ ಮನೆಯ ಮುಂದಿನ ಕೋಣೆ ಅವನ ಅಣ್ಣ ಮೃತ್ಯುಂಜಯನದು. ಅಣ್ಣ ಹಿಂದೂಸ್ತಾನಿ ಗಾಯಕ. ಬೆಳಿಗ್ಗೆ ಐದರಿಂದಲೇ ಶಿಷ್ಯರು, ತಂಬೂರಿ. ಚಿಕ್ಕಂದಿನಲ್ಲಿ ರಾಜಶೇಖರನೂ ಅಲ್ಲಿ ಕೂತು ಕಲಿತಿದ್ದನಂತೆ. ಎಂಟು ದಿನಕ್ಕೆ ಅಣ್ಣ, "ನಿನಗ ಲೆಕ್ಕ ಬರತೈತಿ, ಸುರ ಬರೂದಿಲ್ಲ. ಲೆಕ್ಕಾನ ಮಾಡು ಹೋಗು" ಎಂದು ಎಬ್ಬಿಸಿ ಕಳಿಸಿದ್ದನಂತೆ. ಈಗ ಹಿಂದಿನ ಕೋಣೆಯಲ್ಲಿ ನಾನು ತಿರುಗತೊಡಗಿದರೆ ಮುಂದಿನಿಂದ ಕೂಗು ಬರುತ್ತಿತ್ತು:

"ಲೇ ರಾಜಾ! ಆ ಪಾತ್ರಿ ಅಂಗಡಿ ಬಾಗಲಾ ಹಾಕ್ಕೋ! ನನ್ನ ಹುಡುಗೂರು ಷಡ್ಜ ಮರತಾವ!"

"ನಿನ್ನ ಹುಡುಗೂರಿಗೆ ಐದೂವರಿ ಎಣಸಾಕ ಬರತೈತೇನು ಕೇಳು!" ಎಂದು ಇವನು ಒಳಗಿಂದಲೇ ಜವಾಬು ಕೊಡುತ್ತಿದ್ದ.

ಆಗಲೇ ನನ್ನ ಅನುಮಾನಕ್ಕೆ ಬೇರು ಬಂದದ್ದು. ಇವನಿಗೆ ಬ್ಯಾಂಡು ಇಷ್ಟವೋ, ಅಣ್ಣನಿಗೆ ಬಾರದ ಒಂದು ಸಂಗತಿ ತನಗೆ ಬರುತ್ತದೆ ಎಂಬುದು ಇಷ್ಟವೋ?

ರಾಜಶೇಖರ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾದ. ಮದುವೆಯಾದ. ಇಮ್ತಿಯಾಜ ಹುಬ್ಬಳ್ಳಿಯಲ್ಲಿ ಸ್ವಂತ ರಿಪೇರಿ ಅಂಗಡಿ ಇಟ್ಟ. ಪ್ರತಿ ರವಿವಾರ ಬೆಳಿಗ್ಗೆ ಬಸ್ಸಿನಲ್ಲಿ ಧಾರವಾಡಕ್ಕೆ ಬರುತ್ತಿದ್ದ. ಹತ್ತಿಗೆ ಸ್ಪಿರಿಟ್ ಹಚ್ಚಿ ಟೇಪ್‌ರೆಕಾರ್ಡರಿನ ಹೆಡ್ಡು ಒರೆಸುತ್ತಿದ್ದ, ಸಡಿಲಾದ ಬೆಲ್ಟು ಬದಲಿಸುತ್ತಿದ್ದ. ಇನ್ನೂ ನಾಲ್ಕಾರು ಮಂದಿ ಸೇರುತ್ತಿದ್ದರು. ಒಬ್ಬ ಬ್ಯಾಂಕಿನವನು ಹಾಡು ಕೇಳುತ್ತ ಕಣ್ಣು ಮುಚ್ಚುತ್ತಿದ್ದ. ಮುಚ್ಚಿದ್ದು ಭಕ್ತಿಗೋ ನಿದ್ದೆಗೋ ನನಗೆ ತಿಳಿಯುತ್ತಿರಲಿಲ್ಲ. ಇನ್ನೊಬ್ಬ, ಇಮ್ತಿಯಾಜ ಬಣ್ಣಿಸಿದ ಆ ಹೊದಿಕೆಯ ಏಣಿಯ ಚಿತ್ರದ ಅರ್ಥ ಹೇಳುತ್ತಿದ್ದ, ಪ್ರತಿ ವಾರ ಬೇರೆ ಅರ್ಥ. ಮತ್ತೊಬ್ಬ ಮಂಡಕ್ಕಿಯ ಗಿರಮಿಟ್ ಖಾಲಿಯಾದ ಕೂಡಲೇ ಏಳುತ್ತಿದ್ದ.

"ಸಿನೆಮಾ ಹಾಡು ಅಂದ್ರ ಚಹಾ ಇದ್ದಂಗ, ಕುಡದು ಕಪ್ ಇಟ್ಟಬಿಡೂದು," ಎನ್ನುತ್ತಿದ್ದ ರಾಜಶೇಖರ. "ಇದು ಹಂಗಲ್ಲ. ಇದರಾಗ ಊರ ಐತಿ. ಒಳಗ ಹೋಗಿ ಓಣಿ ಹುಡುಕಬೇಕು. ಐದು ಮಂದಿ ಐದು ದಿಕ್ಕಿಗೆ ಹೊಂಟ ಹೋಗತಾರ, ಆದ್ರ ಕೂಡೂದು ಒಂದ ಕಟ್ಟೀಮ್ಯಾಲೆ. ಅಣ್ಣ ಒಂದು ರಾಗಾ ತಾಸಗಟ್ಟಲೆ ಹಾಡತಾನಲ್ಲ, ಅದ ತಾಳ್ಮಿ ಇವರಿಗೂ ಐತಿ."

ಇಂಥ ಮಾತು ಕೇಳಿದಾಗ ನನ್ನ ಅನುಮಾನ ಸ್ವಲ್ಪ ಕರಗುತ್ತಿತ್ತು. ಆದರೆ ಹನ್ನೆರಡನೇ ನಿಮಿಷ ಹತ್ತಿರ ಬಂದಂತೆ ಎಲ್ಲರೂ ನೆಟ್ಟಗೆ ಕೂರುತ್ತಿದ್ದರು. ಬೆರಳುಗಳು ಎಣಿಸುತ್ತಿದ್ದವು. ಏಳು, ಏಳು, ಏಳು, ಐದೂವರೆ! ಎಲ್ಲರ ಕೈಯೂ ಒಟ್ಟಿಗೆ ತೊಡೆಯ ಮೇಲೆ ಬೀಳುತ್ತಿತ್ತು. "ಹಾ!" ಸಂಗೀತ ಕಛೇರಿಯಲ್ಲಿ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದಾಗ ಧಾರವಾಡದವರು ಕೊಡುವ ಅದೇ ಮೆಚ್ಚುಗೆಯ ದಾದು, ಒಂದು ಗೀರಿಗೆ. ತಕ್ಷಣ ಚರ್ಚೆ. ಆ ಪೆಟ್ಟು ಹೇಗೆ ಹೊಡೆದ, ಎಷ್ಟು ದಿನ ರಿಯಾಜು ಮಾಡಿರಬೇಕು, ಉಳಿದ ನಾಲ್ವರು ಅವನನ್ನು ಹೇಗೆ ಹಿಡಿದರು. ಜೊತೆಗೆ ಚಹಾ. ನನ್ನನ್ನು ಹಿಂದಕ್ಕೆ ತಿರುಗಿಸಿ ಅದೇ ಜಾಗ ಮತ್ತೆ ಮತ್ತೆ ಹಾಕುತ್ತಿದ್ದರು. ಟೇಪಿನ ಆ ಜಾಗ ಸವೆದು ತೆಳುವಾಯಿತು. ಚರ್ಚೆಯ ಕೆಳಗೆ ಹಾಡು ಪಾಪ ತನ್ನ ಪಾಡಿಗೆ ಮುಂದುವರಿಯುತ್ತಿತ್ತು.

ಇಮ್ತಿಯಾಜನ ಕೈಯೂ ಬೀಳುತ್ತಿತ್ತು, ಸರಿಯಾದ ಜಾಗಕ್ಕೆ. ನಾನು ಅವನನ್ನೇ ಗಮನಿಸುತ್ತಿದ್ದೆ. ಒಮ್ಮೆ ತರಬೇತಿಗೆಂದು ಪುಣೆಗೆ ಹೊರಟಿದ್ದ ರಾಜಶೇಖರ, "ಅಲ್ಲೆ ಈ ತಟ್ಟಿದು ಸಿಡಿ ಸಿಗತೈತಂತ, ತರತೇನಿ" ಅಂದ. ಇಮ್ತಿಯಾಜನ ಕೈಯಲ್ಲಿದ್ದ ಸ್ಕ್ರೂಡ್ರೈವರು ನಿಂತಿತು.

"ಸಿಡಿಯಾಗ ಜೀವಾ ಇರೂದಿಲ್ಲ ಬಿಡೋ," ಅಂದ. "ಎಲ್ಲಾ ತೊಳದು ಇಟ್ಟಿರತಾರ. ಸುಮ್ನ ರೊಕ್ಕ ದಂಡ."

ರಾಜಶೇಖರ ತರಲಿಲ್ಲ. ಮೊಬೈಲು ಬಂದ ಮೇಲೆ ಅವನೇ ಊರಿಗೆಲ್ಲ ಹೇಳತೊಡಗಿದ: "ಮೊಬೈಲಿನ್ಯಾಗ ಈ ಹಾಡು ಕೇಳೂದಂದ್ರ ಊಟದ ಫೋಟೋ ನೋಡಿ ಕೈ ತೊಳಕೊಂಡಂಗ." ಎಲ್ಲರೂ ನಗುತ್ತಿದ್ದರು. ಇಮ್ತಿಯಾಜ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅವನು ಪ್ರತಿ ವಾರ ಬರುವುದು ದೋಸ್ತನಿಗಾಗಿಯೋ, ನನ್ನ ಮೇಲೆ ಕಾವಲಿಗೋ? ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ವರ್ಷಗಳು ಕಳೆದಂತೆ ಮಂದಿ ಕರಗಿದರು. ಬ್ಯಾಂಕಿನವನಿಗೆ ವರ್ಗವಾಯಿತು, ಏಣಿಯವನು ತೀರಿಕೊಂಡ. ಕೊನೆಗೆ ಇಬ್ಬರೇ ಉಳಿದರು. ಜೊತೆಗೆ ಬಾಗಿಲ ಹಿಂದೆ ಒಬ್ಬಳು: ರಾಜಶೇಖರನ ಮಗಳು ಶಾಲ್ಮಲಾ.

ಮಾತು ಕಡಿಮೆಯ ಹುಡುಗಿ. ಮನೆಗೆ ಯಾರಾದರೂ ಬಂದರೆ ನೀರು ಕೊಟ್ಟು ಮಾಯವಾಗುತ್ತಿದ್ದಳು. ಬಿ.ಎ. ಮುಗಿಸಿದ ಮೇಲೆ ಕೆಲಸದ ಸಂದರ್ಶನಕ್ಕೆ ಹೋಗಿ, ಹೆಸರು ಕೇಳಿದಾಗಲೇ ಎದ್ದು ಬಂದವಳು. ಡೈರಿ ಬರೆಯುತ್ತಾಳೆ. ಬರೆಯುವಾಗ ತುಟಿಯಲ್ಲೇ ಅದನ್ನು ಅಂದುಕೊಳ್ಳುವ ಅಭ್ಯಾಸ. ಅವಳ ಮೇಜಿನ ಖಾನೆಯಲ್ಲಿ ಡೈರಿಯ ಪಕ್ಕವೇ ನನ್ನನ್ನು ಇಡುವುದರಿಂದ ನನಗೆಲ್ಲ ಕೇಳಿಸುತ್ತದೆ. "ಇವತ್ತು ಯಾರ ಜೋಡಿನೂ ಮಾತಾಡಲಿಲ್ಲ. ಆರಾಮ ಇತ್ತು. ಆದ್ರ ಸಂಜೀಕ ಯಾಕೋ ಅಳು ಬಂತು." ಆ ಡೈರಿಯ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. ಬಾಯಿ ಮುಚ್ಚಿಕೊಂಡು ಎಲ್ಲ ಇಟ್ಟುಕೊಳ್ಳುವವರನ್ನು ನಾನು ನಂಬುವುದಿಲ್ಲ. ನಾನೂ ಅವರಲ್ಲೊಬ್ಬ ಅಲ್ಲವೇ.

ಹದಿನಾಲ್ಕನೇ ವಯಸ್ಸಿನಿಂದ ಶಾಲ್ಮಲಾ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ನನ್ನನ್ನು ಹಾಕಿಕೊಂಡು ಕೇಳುತ್ತಿದ್ದಳು. ಎಣಿಸುತ್ತಿರಲಿಲ್ಲ. 'ಟಕ್' ಬಂದಾಗ ಕಣ್ಣು ಸಹ ಮಿಟುಕಿಸುತ್ತಿರಲಿಲ್ಲ. ಅದು ಹೋದ ಮೇಲೆ ಡ್ರಮ್ಮು ನಿಲ್ಲುತ್ತದೆ, ಗಿಟಾರು ನಿಲ್ಲುತ್ತದೆ. ಕೊಳಲಿನಂಥ ದನಿಯ ಒಂದು ಕೀಬೋರ್ಡು ಮಾತ್ರ ಉಳಿಯುತ್ತದೆ. ಅದರ ಮೇಲೆ ಒಬ್ಬ ಮನುಷ್ಯ ಮಾತಿಲ್ಲದೆ, ಹೆಚ್ಚುಕಡಿಮೆ ತನ್ನಷ್ಟಕ್ಕೇ, ಗುನುಗುತ್ತಾನೆ. ನಾಲ್ಕು ನಿಮಿಷ. ಮನೆಗೆ ಹೋಗಲು ದಾರಿ ಗೊತ್ತಿದ್ದೂ ಹೊರಗೇ ಕೂತವನ ಹಾಗೆ. ಶಾಲ್ಮಲಾ ಆ ನಾಲ್ಕು ನಿಮಿಷ ಮೊಣಕಾಲಿಗೆ ಗಲ್ಲ ಊರಿ ಕೂರುತ್ತಿದ್ದಳು. ಅವಳನ್ನೂ ಅನುಮಾನಿಸಿದೆ ನಾನು: ಹಾಡು ಒಂದು ನೆಪ, ಇವಳಿಗೆ ಬೇಕಾದದ್ದು ಖಾಲಿ ಮನೆ ಇರಬಹುದೇ? ಆದರೆ ಅವಳು ಒಮ್ಮೆಯೂ ನನ್ನನ್ನು ಹಿಂದಕ್ಕೆ ತಿರುಗಿಸಲಿಲ್ಲ. ಬಂದದ್ದನ್ನು ಬಂದ ಹಾಗೆ ಕೇಳಿ, ಕೊನೆಯವರೆಗೂ ಕಾದು, ತೆಗೆದಿಡುತ್ತಿದ್ದಳು.

ಹೋದ ತಿಂಗಳು ಊರಿನ ಕೇಳುಗರ ಬಳಗದವರು ರಾಜಶೇಖರನನ್ನು ಭಾಷಣಕ್ಕೆ ಕರೆದರು. 'ನಾನು ಮೆಚ್ಚಿದ ಸಂಗೀತ' ಎಂಬ ಮಾಲಿಕೆ. ಅವನ ಐವತ್ತು ವರ್ಷದ ಬದುಕಿನಲ್ಲಿ ಸಂಗೀತದ ಬಗ್ಗೆ ಮಾತಾಡು ಎಂದು ಅವನನ್ನು ಯಾರಾದರೂ ಕರೆದದ್ದು ಅದೇ ಮೊದಲು. ಅಧ್ಯಕ್ಷತೆ ಅಣ್ಣ ಮೃತ್ಯುಂಜಯನದು. ರಾಜಶೇಖರ ರಾತ್ರಿ ಊಟ ಬಿಟ್ಟು ಹನ್ನೊಂದು ಪುಟ ಬರೆದ. ಹನ್ನೊಂದರಲ್ಲಿ ಏಳು ಪುಟ ಐದೂವರೆಯ ಮೇಲೆ.

"ಲಗ್ನದಾಗ ಸೈತ ಇಷ್ಟು ತಯಾರಿ ಮಾಡಿರಲಿಲ್ಲ ಇವರು," ಅಂದಳು ಹೆಂಡತಿ.

"ಲಗ್ನದಾಗ ಅಣ್ಣ ಕೇಳಾಕ ಕುಂತಿರಲಿಲ್ಲಲ್ಲ," ಅಂದ ಅವನು.

ಬಳಗದ ಕಾರ್ಯದರ್ಶಿ ಫೋನು ಮಾಡಿ, ಕ್ಯಾಸೆಟ್ಟು ತರುವುದು ಬೇಡ, ಹಾಡನ್ನು ತಾವೇ ಇಂಟರ್‌ನೆಟ್ಟಿನಿಂದ ದೊಡ್ಡ ಸ್ಪೀಕರಿಗೆ ಹಾಕುತ್ತೇವೆ ಎಂದರು. ರಾಜಶೇಖರ ಒಪ್ಪಿದ. ಜೀವ ಇಲ್ಲದಿದ್ದರೇನು, ಲೆಕ್ಕವಂತೂ ಅದೇ ಇರುತ್ತದಲ್ಲ!

ನಾನು ಖಾನೆಯೊಳಗೆ ತಣ್ಣಗಾದೆ.

ಪುಟಗಳನ್ನು ಚೆಂದದ ಅಕ್ಷರದಲ್ಲಿ ಬರೆದುಕೊಡುವ ಕೆಲಸ ಶಾಲ್ಮಲಾಗೆ ಬಿತ್ತು. ಹನ್ನೆರಡನೇ ನಿಮಿಷದ ಎಷ್ಟನೇ ಸೆಕೆಂಡಿಗೆ ಆ ಪೆಟ್ಟು ಬರುತ್ತದೆ ಎಂದು ನೋಡಲು ಅವಳು ಮೊಬೈಲಿನಲ್ಲಿ ಹಾಡು ಹಾಕಿದಳು. ಕಿವಿಗೆ ಇಯರ್‌ಫೋನ್. ನಾನು ಪಕ್ಕದಲ್ಲೇ ಇದ್ದೆ. ಅವಳು ಹಿಂದಕ್ಕೆ ಎಳೆದು ಮತ್ತೆ ಕೇಳಿದಳು. ಮತ್ತೊಮ್ಮೆ. ಅಲ್ಲಿ ಟಕ್ ಇರಲಿಲ್ಲ. ಏಳು, ಏಳು, ಏಳು, ಏಳು. ಡ್ರಮ್ಮಿನವನು ಯಾವ ಮಾತ್ರೆಯನ್ನೂ ನುಂಗಿರಲಿಲ್ಲ.

ಅವಳು ನನ್ನನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

"ಏನ ಮಾಡಿಟ್ಟೀಯ ನೀ?" ಅಂದಳು.

ಮರುದಿನ ನನ್ನನ್ನು ಚೀಲದಲ್ಲಿಟ್ಟುಕೊಂಡು ಒಬ್ಬಳೇ ಹುಬ್ಬಳ್ಳಿಯ ಬಸ್ಸು ಹತ್ತಿದಳು. ಇಮ್ತಿಯಾಜ ಅಂಗಡಿಯಲ್ಲಿ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. ಈಗ ಯಾರು ಟೇಪ್‌ರೆಕಾರ್ಡರು ತರುತ್ತಾರೆ.

"ಕಾಕಾ, ಇದನ್ನ ರೆಕಾರ್ಡ್ ಮಾಡಿದವ್ರು ನೀವ ಅಲ್ಲ?"

"ಹೂಂ."

"ಸೂಜಿ ಹಾರಿತ್ತೇನು?"

ಅವನು ಸ್ಕ್ರೂ ಒಂದನ್ನು ಬಿಚ್ಚಿದ. ಮತ್ತೆ ಅದನ್ನೇ ಹಾಕಿದ.

"ಮರುದಿನ ಬಂದು ನಿಂತಾಗ ನಿಮ್ಮಪ್ಪನ ಮುಖಾ ನೋಡಬೇಕಿತ್ತವಾ ನೀ. ಹತ್ತು ವರ್ಷ ಮಳೆ ಕಾಣದಾಂವ ಮಳ್ಯಾಗ ನಿಂತಂಗ ನಿಂತಿದ್ದ. ಹೆಂಗ ಹೇಳ್ಲಿ? ಆಮ್ಯಾಲೆ ಹೇಳೂಣಂತ ಬಿಟ್ಟೆ. ಆ ಆಮ್ಯಾಲೆ ಅನ್ನೂದು ಮೂವತ್ತು ವರ್ಷ ಆತು."

"ರವಿವಾರ ದೊಡ್ಡಪ್ಪನ ಮುಂದ ಖರೇ ಹಾಡು ಹಾಕತಾರ. ಅಪ್ಪ ಎಣಿಸಿ ತೋರಸ್ತೇನಿ ಅಂತಾನ ಕಾಕಾ. ಕೈ ಎತ್ತಿ, ಎಲ್ಲಾರಿಗೂ."

ಇಮ್ತಿಯಾಜ ಕಣ್ಣು ಮುಚ್ಚಿಕೊಂಡ. ಆ ಎತ್ತಿದ ಕೈ ಅವನಿಗೂ ಕಾಣಿಸಿರಬೇಕು.

"ನೀವ ಹೇಳ್ರಿ," ಅಂದಳು.

"ನೀ ಹೇಳವಾ. ನೀ ಮಗಳು. ನಿನ್ನ ಮ್ಯಾಲೆ ಸಿಟ್ಟಾಗೂದಿಲ್ಲ."

"ನನಗ ಮಾತಾಡಾಕ ಬರೂದಿಲ್ಲ ಕಾಕಾ."

"ನನಗೇನ ಬರತೈತಿ? ಬರತಿದ್ರ ಅವತ್ತ ಹೇಳತಿದ್ದೆ."

ಬಸ್ಸಿನಲ್ಲಿ ವಾಪಸು ಬರುವಾಗ ಶಾಲ್ಮಲಾ ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಒಳಗೆ ನಾನು, ನನ್ನ ಪಕ್ಕ ಡೈರಿ. ಆ ರಾತ್ರಿ ಡೈರಿಯಲ್ಲಿ ಅವಳು ಬರೆದದ್ದು ಒಂದೇ ಸಾಲು: "ನಾಳೆ ಹೇಳತೇನಿ." ಮರುದಿನವೂ ಅದೇ ಸಾಲು. ಅದರ ಮರುದಿನವೂ.

ನನಗೀಗ ಮುಪ್ಪು. ಒಳಗಿನ ಪುಟ್ಟ ಸ್ಪಂಜು ಉದುರಿದೆ. ಒಂದು ಸ್ಕ್ರೂ ಕಳೆದುಹೋಗಿದೆ. ಮೇಲಿನ ದನಿಗಳು ಮಂಕಾಗಿವೆ. ಹಳೆಯ ಕಾಲದ ವಸ್ತು ಎಂದು ಯಾರಾದರೂ ನನ್ನನ್ನು ಗಾಜಿನ ಕಪಾಟಿನಲ್ಲಿ ಇಟ್ಟಾರು. ಅದಕ್ಕೂ ನಾನು ಹಿಗ್ಗುವುದಿಲ್ಲ. ಇಷ್ಟು ವರ್ಷ ತಿರುಗಿ ನಾನು ಕಂಡದ್ದು ಇಷ್ಟು: ಮೆಚ್ಚುವುದು ಸುಲಭ, ಕೇಳುವುದು ಕಷ್ಟ. ಮೆಚ್ಚಿದವನಿಗೆ ಮಾತಾಡುವ ಅವಸರ ಇರುತ್ತದೆ.

ಶನಿವಾರ ಮಧ್ಯಾಹ್ನ ತಾಲೀಮು. ರಾಜಶೇಖರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೈಯಲ್ಲಿ ಹನ್ನೊಂದು ಪುಟ ಹಿಡಿದು ನಿಂತ. ಕುರ್ಚಿಯಲ್ಲಿ ಇಮ್ತಿಯಾಜ. ಟೇಪ್‌ರೆಕಾರ್ಡರಿನ ಪಕ್ಕ ಶಾಲ್ಮಲಾ. ನಾನು ತಿರುಗಿದೆ. ನೀರು, ಆರ್ಗನ್, ಗಿಟಾರು. ಏಳು, ಏಳು, ಏಳು. ರಾಜಶೇಖರ ಕೈ ಎತ್ತಿದ.

"ಹಾ!"

ಒಂದೇ ಕೈ ಬಿತ್ತು. ಮೂವತ್ತು ವರ್ಷದಲ್ಲಿ ಮೊದಲ ಬಾರಿ ಇಮ್ತಿಯಾಜನ ಕೈ ತೊಡೆಯ ಮೇಲೆ ಬೀಳಲಿಲ್ಲ. ರಾಜಶೇಖರ ಅದನ್ನು ಗಮನಿಸದೆ ಓದತೊಡಗಿದ: "ಸಭಿಕರೇ, ಇಲ್ಲಿಯೇ ಈ ಸಂಗೀತದ ಆತ್ಮವಿದೆ..."

ಶಾಲ್ಮಲಾ ಗುಂಡಿ ಒತ್ತಿ ನನ್ನನ್ನು ನಿಲ್ಲಿಸಿದಳು.

"ಯಾಕ? ಟೇಪ್ ಸಿಕ್ಕೊಂತೇನು?"

ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಇಮ್ತಿಯಾಜ ಅವಳನ್ನು ನೋಡಿದ, ನೋಡಲಾಗದೆ ಎದ್ದು ನಿಂತ.

"ರಾಜಾ, ಆ ಆತ್ಮ ಅಲ್ಲೆ ಇಲ್ಲೋ. ತಟ್ಟೀಮ್ಯಾಲೆ ಗೀರು ಇತ್ತು. ಸೂಜಿ ಹಾರಿತ್ತು. ನಾ ನೋಡಿದ್ದೆ."

"ಚಾಷ್ಟಿ ಮಾಡಬ್ಯಾಡ ಮಗನ, ನಾಳೆ ಭಾಷಣಾ ಐತಿ."

ಶಾಲ್ಮಲಾ ಮೊಬೈಲಿನಲ್ಲಿ ಆ ಜಾಗ ಹಾಕಿ ಇಯರ್‌ಫೋನ್ ಅಪ್ಪನ ಕಿವಿಗೆ ಇಟ್ಟಳು. ಅವನು ಕೇಳಿದ. ಬೆರಳು ಎಣಿಸಿದವು. ಐದೂವರೆಗೆ ಸರಿಯಾಗಿ ಕೈ ಕೆಳಗೆ ಬಂತು. ಆದರೆ ಹಾಡು ಆಗ ಬರಲಿಲ್ಲ, ಅದು ತನ್ನ ಏಳು ಮುಗಿಸಿಕೊಂಡು ಬಂತು. ಕೈ ಅಲ್ಲೇ, ತೊಡೆಯ ಮೇಲೆ, ಒಂಟಿಯಾಗಿ ಬಿದ್ದಿತ್ತು. ಅವನು ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದ. ಆಮೇಲೆ ಇಯರ್‌ಫೋನ್ ತೆಗೆದ.

"ನಿನಗ ಅವತ್ತಿಂದ ಗೊತ್ತಿತ್ತು," ಅಂದ ಇಮ್ತಿಯಾಜನಿಗೆ.

"ಹೂಂ."

"ಸಿಡಿ ಬ್ಯಾಡ ಅಂದಿದ್ದು ಅದಕ್ಕ."

"ಹೂಂ."

"ಜೀವಾ ಇರೂದಿಲ್ಲ ಅಂದಿದ್ದೆಲೋ. ನಾ ಅದನ್ನ ಮೂರನೇ ಪುಟದಾಗ ಬರದೇನಿ, ನಿನ್ನ ಹೆಸರು ಹಾಕಿ."

ರಾಜಶೇಖರ ಪುಟಗಳ ಅಂಚು ಸರಿಮಾಡಿ ಮೇಜಿನ ಮೇಲಿಟ್ಟ. ಕುರ್ಚಿಯ ಕೈ ಹಿಡಿದುಕೊಂಡು ನಿಧಾನಕ್ಕೆ ಕೂತ. ಮುಂದಿನ ಕೋಣೆಯಲ್ಲಿ ತಂಬೂರಿ ಶ್ರುತಿ ಮಾಡುತ್ತಿದ್ದ ಸದ್ದು ಕೇಳುತ್ತಿತ್ತು.

"ಹಂಗಾರ ಈ ಹಾಡಿನಾಗ ಏನ ಉಳೀತು?" ಅಂದ, ಯಾರನ್ನೂ ನೋಡದೆ. "ನಾಳೆ ಅಣ್ಣನ ಮುಂದ ನಿಂತು ಏನಂತ ಹೇಳ್ಲಿ? ಈ ಹಾಡು ನನಗ ಯಾಕ ಸೇರತೈತಿ ಅಂತ ಹೇಳ್ಲಿ?"

ಇಮ್ತಿಯಾಜ ಬಾಗಿಲ ಕಡೆ ನೋಡಿದ. ನಾನು ಟಕ್ ದಾಟಿ ಎರಡು ಸುತ್ತು ಮುಂದೆ ನಿಂತಿದ್ದೆ. ಶಾಲ್ಮಲಾಳ ಬೆರಳು ಮತ್ತೆ ಗುಂಡಿಯ ಮೇಲೆ ಬಂದಿತ್ತು. ಅವಳ ದನಿ ಬಂದಾಗ ಅದು ಅವಳದೇ ಎಂದು ನನಗೂ ಕೂಡಲೇ ಗೊತ್ತಾಗಲಿಲ್ಲ.

"ಅಪ್ಪಾ, ಇದರ ಮುಂದ ನಾಕ ನಿಮಿಷ ಐತಿ. ಅದನ್ನ ನೀವಿಬ್ಬರೂ ಒಮ್ಮೆನೂ ಕೇಳಿಲ್ಲ. ಅದು ಬಂದಾಗೆಲ್ಲಾ ನೀವು ಮಾತಾಡಕೋಂತ ಕುಂತಿರತೀರಿ."